ಐರಿಷ್ ಭಾಷೆಯ ‘ಸ್ನಾಹ’: ದಾರವೋ, ಎಳೆಯೋ, ಸ್ನೇಹವೋ?

ಓದುಗರ ಪ್ರಶ್ನೆ: “ನಾನು ಇಳಕಲ್ ಕಡೆಯವಳು. ಆರು ವರ್ಷಗಳಿಂದ ಐರ್ಲೆಂಡಿನ ಗಾಲ್ವೇಯಲ್ಲಿ ನರ್ಸ್ ಆಗಿದ್ದೇನೆ. ಊರಿನಲ್ಲಿ ಅಕ್ಕ ಮತ್ತು ಭಾವ ಮಗ್ಗ ನಡೆಸುತ್ತಾರೆ. ಅವರು ನೇಯ್ದ ಸೀರೆ ಮತ್ತು ಬಟ್ಟೆಗಳನ್ನು ಇಲ್ಲಿ ಮಾರಲು ಪುಟ್ಟ ಅಂಗಡಿಯೊಂದನ್ನು ತೆರೆಯುವ ಯೋಚನೆಯಿದೆ. ದಾರ ಎಂಬ ಅರ್ಥದ ಐರಿಷ್ ಪದವನ್ನೇ ಹೆಸರಾಗಿಡಬೇಕೆಂದುಕೊಂಡಿದ್ದೇನೆ. ಅದನ್ನು ಎಸ್, ಎನ್, ಎ, ಐ, ಟಿ, ಎಚ್, ಇ ಎಂದು ಬರೆಯುತ್ತಾರೆ. ಆದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಅದು ಸಂಸ್ಕೃತದ ‘ಸೂತ್ರ’ದಿಂದ ಬಂದದ್ದೆಂದು ಒಬ್ಬ ಗೆಳತಿಯ ವಾದ. ಉಚ್ಚಾರಣೆ ಕೇಳಿದರೆ ‘ಸ್ನೇಹ’ ಎಂದೇ ಕೇಳಿಸುತ್ತದೆ, ಎರಡೂ ಒಂದೇ ಇರಬೇಕು ಎಂದು ಭಾವ ಹೇಳುತ್ತಾರೆ. ಇಲ್ಲಿ ಶಾಲೆಗೆ ಹೋಗುವ ಮಗಳು, ‘ಐ’ಯೂ ಕೊನೆಯ ‘ಇ’ಯೂ ಇಲ್ಲದ ಚಿಕ್ಕ ರೂಪವೇ ಸರಿ ಎನ್ನುತ್ತಾಳೆ. ಇನ್ನೊಬ್ಬರು, ‘ಮೈಮೇಲೆ ನೂಲೆಳೆಯೂ ಇಲ್ಲ’ ಎನ್ನಲು ಬಳಸುವ ಪದವದು, ಬಟ್ಟೆ ಅಂಗಡಿಗೆ ಇಡಬೇಡಿ ಎಂದು ಹೆದರಿಸಿದ್ದಾರೆ. ಯಾವುದು ನಿಜ? ಹೆಸರಿಡಬಹುದೇ?”

ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವುಗಳ ಹಿಂದಿರುವ ಆತಂಕ ಒಂದೇ ಎಂದು ನನಗೆ ತೋರುತ್ತದೆ. ಅನ್ನ ಕೊಟ್ಟ ನಾಡಿನ ಭಾಷೆಯಿಂದ ಒಂದು ಪದವನ್ನು ಗೌರವದಿಂದ ಎತ್ತಿಕೊಳ್ಳಬೇಕೆಂದಿದ್ದೀರಿ. ಅದು ತಪ್ಪಾಗಿ ಆ ಊರಿನವರ ಎದುರು ನಗೆಪಾಟಲಾಗಬಾರದು, ತವರಿನವರಿಗೂ ಅರ್ಥವಿಲ್ಲದ ಸದ್ದಾಗಬಾರದು. ಈ ಎಚ್ಚರ ಬಹಳ ಒಳ್ಳೆಯದು. ತುಲನಾತ್ಮಕ ಭಾಷಾಶಾಸ್ತ್ರವನ್ನು ಮೂವತ್ತು ವರ್ಷ ಪಾಠ ಮಾಡಿದ ನನ್ನ ಬಳಿಗೆ ಇಂಥ ಪ್ರಶ್ನೆಗಳು ಸಾಮಾನ್ಯವಾಗಿ ಬೋರ್ಡು ಬರೆಸಿಯಾದ ಮೇಲೆ ಬರುತ್ತಿದ್ದವು. ನೀವು ಮೊದಲೇ ಕೇಳಿದ್ದೀರಿ.

ಚಿಕ್ಕ ಉತ್ತರವನ್ನು ಮೊದಲು ಹೇಳಿಬಿಡುತ್ತೇನೆ. ಪದ ಸರಿಯಾಗಿದೆ, ಅಂಗಡಿಯ ಹೆಸರಾಗಿ ಚೆನ್ನಾಗಿಯೂ ಇದೆ. ಅದು ‘ಸೂತ್ರ’ದಿಂದ ಬಂದದ್ದಲ್ಲ, ‘ಸ್ನೇಹ’ಕ್ಕೂ ಅದಕ್ಕೂ ರಕ್ತಸಂಬಂಧವಿಲ್ಲ. ಆದರೆ ನೀವು ಆಸ್ಪತ್ರೆಯಲ್ಲಿ ದಿನವೂ ನೆನೆಯುವ ಇನ್ನೊಂದು ಸಂಸ್ಕೃತ ಪದಕ್ಕೆ, ‘ಸ್ನಾಯು’ವಿಗೆ, ಅದು ನಿಜವಾದ ನಂಟ. ಮುಂದೆ ಬರೆದಿರುವುದು ಇದರ ವಿವರಣೆ.

ಮೊದಲು ಉಚ್ಚಾರಣೆ. ಈ ಪದವನ್ನು ‘ಸ್ನಾಹ’ ಎಂದು ಹೇಳಬೇಕು, ಕೊನೆಯ ಸ್ವರ ತೇಲಿದಂತಿರುತ್ತದೆ. ‘ಎ’ ಅಕ್ಷರದ ಮೇಲೆ ಬಲಕ್ಕೆ ವಾಲಿದ ಒಂದು ಗೆರೆ ಇರಲೇಬೇಕು. ಐರಿಷರು ಅದನ್ನು ‘ಫಾದ’ ಎನ್ನುತ್ತಾರೆ, ಅಂದರೆ ‘ದೀರ್ಘ’. ನಮ್ಮ ಅಕ್ಷರಕ್ಕೆ ದೀರ್ಘದ ಗುರುತು ಹೇಗೋ ಅವರಿಗೆ ಈ ಗೆರೆ ಹಾಗೆ. ಅದರ ಪಕ್ಕದ ‘ಐ’ ಬಹುಮಟ್ಟಿಗೆ ಮುಂದಿನ ವ್ಯಂಜನ ಮೃದುವೆಂದು ಸೂಚಿಸಲು ನಿಂತ ಅಕ್ಷರ, ಅದನ್ನು ಬೇರೆ ಸ್ವರವಾಗಿ ಓದುವುದಿಲ್ಲ. ‘ಟಿ’ ಮತ್ತು ‘ಎಚ್’ ಸೇರಿದರೆ ಬರುವುದು ‘ಹ’ ಮಾತ್ರ. ಇದಕ್ಕೊಂದು ಇತಿಹಾಸವಿದೆ. ಹಳೆಯ ಐರಿಷ್‌ನಲ್ಲಿ ಈ ಜಾಗದಲ್ಲಿ ನಾಲಿಗೆಯನ್ನು ಹಲ್ಲಿಗೆ ತಾಗಿಸಿ ಗಾಳಿ ಬಿಡುವ, ಇಂಗ್ಲಿಷಿನ ‘ಥಿನ್’ ಪದದ ಆರಂಭದಂತಹ ಸದ್ದಿತ್ತು. ಮಧ್ಯಯುಗದಲ್ಲಿ ಅದು ಸವೆದು ಬರೀ ಉಸಿರಾಗಿ ಉಳಿಯಿತು. ಗೇಲಿಕ್ ಲಿಪಿಯ ಹಳೆಯ ಮುದ್ರಣದಲ್ಲಿ ಈ ‘ಎಚ್’ ಇರಲೇ ಇಲ್ಲ, ‘ಟಿ’ ಅಕ್ಷರದ ತಲೆಯ ಮೇಲೆ ಒಂದು ಚುಕ್ಕೆ ಇರುತ್ತಿತ್ತು. ಡಬ್ಲಿನ್‌ನ ಹಳೆಯ ಪುಸ್ತಕದಂಗಡಿಯೊಂದರಲ್ಲಿ ನಾನು ಕೊಂಡ ಶಾಲಾ ಪಠ್ಯದಲ್ಲಿ ಈ ಪದ ಹಾಗೆಯೇ ಅಚ್ಚಾಗಿದೆ: ಬಾಗಿದ ‘ಟಿ’, ಅದರ ಮೇಲೆ ಎಳ್ಳುಕಾಳಿನಷ್ಟು ಚುಕ್ಕೆ. ರೋಮನ್ ಅಕ್ಷರಗಳ ಬಳಕೆ ನೆಲೆಗೊಂಡಾಗ ಆ ಚುಕ್ಕೆಯ ಸ್ಥಾನಕ್ಕೆ ‘ಎಚ್’ ಬಂದು ಕೂತಿತು. ಹಾಗಾಗಿ ಅದನ್ನು ಅಕ್ಷರವೆಂದು ಓದದೆ, ಹಿಂದಿನ ವ್ಯಂಜನ ಸಡಿಲಗೊಂಡಿದೆ ಎಂಬ ಗುರುತೆಂದು ಓದಿದರೆ ಐರಿಷ್ ಕಾಗುಣಿತದ ಅರ್ಧ ಭಯ ಹೋಗುತ್ತದೆ.

ಈಗ ಮಗಳ ಆಕ್ಷೇಪಕ್ಕೆ ಬರುತ್ತೇನೆ. ಅವಳು ಹೇಳುವುದು ತಪ್ಪಲ್ಲ, ಅವಳು ಹೇಳುತ್ತಿರುವುದು ಬೇರೆ ಪದ. ಐರಿಷ್‌ನಲ್ಲಿ ‘ಸ್ನಾಹ್’ ಎಂಬ ಚಿಕ್ಕ ಪದವೂ ಇದೆ, ‘ಸ್ನಾಹ’ ಎಂಬ ಉದ್ದದ ಪದವೂ ಇದೆ. ಮೊದಲನೆಯದರಿಂದಲೇ ಎರಡನೆಯದು ಹುಟ್ಟಿದೆ. ಇಂಗ್ಲಿಷ್ ನಿಘಂಟುಗಳಲ್ಲಿ ಎರಡಕ್ಕೂ ಒಂದೇ ಅರ್ಥ ಕೊಟ್ಟಿರುವುದರಿಂದ ಗೊಂದಲವಾಗುತ್ತದೆ, ಆದರೆ ಕನ್ನಡದವರಿಗೆ ಈ ಗೊಂದಲ ಬೇಕಾಗಿಯೇ ಇಲ್ಲ. ನಮ್ಮಲ್ಲಿ ‘ನೂಲು’ ಮತ್ತು ‘ಎಳೆ’ ಎಂಬ ಎರಡು ಪದಗಳು ಇವೆಯಲ್ಲ? ಅಕ್ಕನ ಮಗ್ಗದ ಪಕ್ಕದಲ್ಲಿ ಬಣ್ಣದ ತೊಟ್ಟಿಯಿಂದ ಎದ್ದು ಒಣಗಲು ತೂಗುಬಿದ್ದಿರುವ ಲಡಿ ‘ಸ್ನಾಹ್’, ಅಂದರೆ ನೂಲು. ಆ ಲಡಿಯಿಂದ ಬೆರಳಿಗೆ ಸಿಕ್ಕಿಸಿಕೊಂಡು ಬೆಳಕಿಗೆ ಹಿಡಿದ ಒಂದೇ ಒಂದು ತಂತು ‘ಸ್ನಾಹ’, ಅಂದರೆ ಎಳೆ. ನೂಲು ತೂಕಕ್ಕೆ ಸಿಗುತ್ತದೆ, ಎಳೆ ಎಣಿಕೆಗೆ ಸಿಗುತ್ತದೆ. ಎರಡರ ಬಳಕೆ ಕೆಲವೆಡೆ ಒಂದರ ಮೇಲೊಂದು ಬರುತ್ತದೆಯಾದರೂ ಒಟ್ಟು ಒಲವು ಇದೇ. ಅಂಗಡಿಯ ಹೆಸರನ್ನು ಆರಿಸುವಾಗ ನೀವು ಕೇಳಿಕೊಳ್ಳಬೇಕಾದ ಮುಖ್ಯ ಪ್ರಶ್ನೆಯೂ ಇದೇ: ನೀವು ನೂಲು ಎನ್ನಬಯಸುತ್ತೀರೋ, ಎಳೆ ಎನ್ನಬಯಸುತ್ತೀರೋ?

‘ಎಳೆ’ ಕನ್ನಡದಲ್ಲಿ ಬಟ್ಟೆಯಾಚೆಗೂ ಹರಡಿಕೊಂಡಿರುವಂತೆ ‘ಸ್ನಾಹ’ ಕೂಡ ಹರಡಿಕೊಂಡಿದೆ. ಕಥೆಯ ಎಳೆ ಎಂದು ನಾವು ಹೇಳುವಲ್ಲಿ ಅವರು ಇದೇ ಪದ ಬಳಸುತ್ತಾರೆ. ಅಂತರ್ಜಾಲದ ಚರ್ಚೆಗಳಲ್ಲಿ ಒಂದು ವಿಷಯದ ಕೆಳಗೆ ಸಾಲಾಗಿ ಬರುವ ಮಾತುಗಳಿಗೂ ಇದೇ ಪದ. ಮರವನ್ನು ಸೀಳಿದಾಗ ಕಾಣುವ, ನಾರು ಓಡಿದ ದಿಕ್ಕಿಗೂ ಇದೇ ಪದ ಸಲ್ಲುತ್ತದೆ, ಬಡಗಿ ಉಜ್ಜುಗೊರಡನ್ನು ಯಾವ ಕಡೆಗೆ ತಳ್ಳಬೇಕೆಂಬುದನ್ನು ತೀರ್ಮಾನಿಸುವುದು ಅದೇ. ನಿಮ್ಮನ್ನು ಹೆದರಿಸಿದವರು ಹೇಳಿದ ಬಳಕೆಯೂ ನಿಜ: ಮೈಮೇಲೆ ಒಂದು ‘ಸ್ನಾಹ’ವೂ ಇಲ್ಲ ಎಂದರೆ ಬೆತ್ತಲೆ ಎಂದರ್ಥ. ಆದರೆ ಅದು ನಿಷೇಧದ ವಾಕ್ಯದಲ್ಲಿ ಮಾತ್ರ ಬರುವ ಅರ್ಥ. ‘ಮೈಮೇಲೆ ನೂಲೆಳೆಯೂ ಇರಲಿಲ್ಲ’ ಎಂದು ನಾವು ಹೇಳುವುದರಿಂದ ‘ಎಳೆ’ ಎಂಬ ಪದ ಕೆಟ್ಟದ್ದಾಗುತ್ತದೆಯೇ? ಆಗುವುದಿಲ್ಲ. ಈ ಭಯವನ್ನು ನೀವು ಇಲ್ಲಿಗೇ ಬಿಡಬಹುದು.

‘ಸ್ನಾಹ್’ ಎಂಬ ತಾಯಿಪದದ ಇತರ ಮಕ್ಕಳನ್ನು ನೋಡಿದರೆ ಈ ಕುಟುಂಬದ ಸೊಗಸು ತಿಳಿಯುತ್ತದೆ. ಸೂಜಿಗೆ ‘ಸ್ನಾಹಿದ್’ ಎನ್ನುತ್ತಾರೆ, ಅಂದರೆ ದಾರದಿಂದಲೇ ಸೂಜಿಯ ಹೆಸರು ಹುಟ್ಟಿದೆ. ಗಡಿಯಾರದ ಮುಳ್ಳು, ದಿಕ್ಸೂಚಿಯ ಮುಳ್ಳು ಎಂದು ನಾವು ಹೇಳುವಲ್ಲಿ ಅವರದು ಸೂಜಿ. ತೆಳುವಾಗಿ ಉದ್ದವಾಗಿರುವ ಡ್ರ್ಯಾಗನ್‌ಫ್ಲೈ ಎಂಬ ಹಾರುವ ಕೀಟ ಅವರಿಗೆ ‘ದೊಡ್ಡ ಸೂಜಿ’. ಗೋಡೆಯ ಮೇಲೆ ಉದ್ದನೆಯ ಕಾಲು ಚಾಚಿ ಕೂರುವ, ಸೊಳ್ಳೆಯಂತಹ ದೊಡ್ಡ ಹುಳುವಿಗೆ ‘ಸ್ನಾಹದಾನ್’ ಎಂಬ ಹೆಸರಿದೆ. ಸಮುದ್ರದ ನೀರು ಏರಿ ಇಳಿದ ಮೇಲೆ ಮರಳಿನುದ್ದಕ್ಕೂ ಉಳಿಯುವ ಕಡಲಪಾಚಿಯ ಸಾಲಿಗೆ ‘ಕಡಲ ನೂಲು’ ಎಂಬರ್ಥದ ‘ಸ್ನಾಹ್ ಮಾರ’ ಎನ್ನುತ್ತಾರೆ. ಗಾಲ್ವೇಯ ದಡದಲ್ಲಿ ಬೆಳಗ್ಗೆ ನಡೆದಾಡುವಾಗ ಆ ಕಂದು ಸಾಲನ್ನು ನೀವು ನೋಡಿರುತ್ತೀರಿ: ನೀರು ಎಲ್ಲಿಯವರೆಗೆ ಬಂದಿತ್ತೆಂದು ಯಾರೋ ಹೊಲಿಗೆ ಹಾಕಿ ಗುರುತಿಟ್ಟಂತೆ ಇರುತ್ತದೆ. ಚಿಕ್ಕದು ಎಂಬ ಪ್ರತ್ಯಯ ಸೇರಿದ ‘ಸ್ನಾಹೀನ್’ ಎಂದರೆ ನಾರು, ತಂತು. ನಿಮ್ಮ ಮನೆಗೆ ಅಂತರ್ಜಾಲ ತರುವ ಆಪ್ಟಿಕಲ್ ಫೈಬರ್‌ಗೂ ಅದೇ ಪದ.

ಅಂತರ್ಜಾಲ ಎಂದೆನಲ್ಲ, ವಿಷಯಕ್ಕೆ ಹತ್ತಿರವೇ ಇರುವ ಒಂದು ಮಾತನ್ನು ಹೇಳದೆ ಇರಲಾರೆ. ಇಂಟರ್ನೆಟ್‌ಗೆ ಐರಿಷ್‌ನಲ್ಲಿ ‘ಇದಿರ್‌ಲೀನ್’ ಎನ್ನುತ್ತಾರೆ. ‘ಲೀನ್’ ಎಂದರೆ ಬಲೆ, ಅದೇ ಪದಕ್ಕೆ ಲಿನನ್ ಬಟ್ಟೆಯ ನಾರು ಕೊಡುವ ಅಗಸೆ ಎಂಬ ಅರ್ಥವೂ ಇದೆ. ‘ಇದಿರ್’ ಎಂದರೆ ‘ನಡುವೆ’, ಇದು ಸಂಸ್ಕೃತದ ‘ಅಂತರ್’ನ ಒಡಹುಟ್ಟು. ನಾವು ‘ಅಂತರ್ಜಾಲ’ ಎಂದು ಕಟ್ಟಿದ್ದನ್ನು ಅವರು ಅದೇ ರೀತಿಯಲ್ಲಿ, ಅರ್ಧ ಅದೇ ಪದದಿಂದ ಕಟ್ಟಿದ್ದಾರೆ.

ಇನ್ನು ‘ಸೂತ್ರ’ ಮತ್ತು ‘ಸ್ನೇಹ’. ಒಂದು ಪದ ಇನ್ನೊಂದರ ಬಂಧುವೋ ಅಲ್ಲವೋ ಎಂಬುದನ್ನು ಕಿವಿಯಿಂದ ತೀರ್ಮಾನಿಸಲಾಗದು. ಸದ್ದುಗಳು ಭಾಷೆಯಿಂದ ಭಾಷೆಗೆ ನಿಯಮಬದ್ಧವಾಗಿ ಬದಲಾಗುತ್ತವೆ, ಆ ನಿಯಮ ಹತ್ತಾರು ಪದಗಳಲ್ಲಿ ಒಂದೇ ರೀತಿ ಕಾಣಬೇಕು. ಉದಾಹರಣೆಗೆ, ಸಂಸ್ಕೃತದಲ್ಲಿ ಎರಡು ಸ್ವರಗಳ ನಡುವೆ ‘ತ’ ಇರುವಲ್ಲಿ ಐರಿಷ್‌ನಲ್ಲಿ ಆ ಸವೆದ ‘ಹ’ ಬರುತ್ತದೆ: ನಮ್ಮ ‘ಮಾತೃ’ ಅವರಲ್ಲಿ ‘ಮಾಹಿರ್’, ನಮ್ಮ ‘ಭ್ರಾತೃ’ ಅವರಲ್ಲಿ ‘ಬ್ರಾಹಿರ್’. ಎರಡನೆಯದು ಈಗ ಕ್ರೈಸ್ತ ಸನ್ಯಾಸಿಯನ್ನು ಸೂಚಿಸುತ್ತದೆ. ಹಾಗೆ ನೋಡಿದರೆ ‘ಸ್ನಾಹ್’ನ ಹಿಂದೆ ‘ಸ್ನಾತ’ದಂತಹ ಹಳೆಯ ರೂಪವಿತ್ತೆಂದು ತಿಳಿಯುತ್ತದೆ. ನಮ್ಮ ‘ಕೃತ’, ‘ಗತ’ಗಳಲ್ಲಿರುವ ‘ತ’ವೇ ಅದು, ಅರ್ಥ ‘ನೂತದ್ದು’. ಬೇರು ‘ಸ್ನೇ’, ಅಂದರೆ ಹೊಸೆ, ನೂಲು. ಸಂಸ್ಕೃತ, ಐರಿಷ್, ಲ್ಯಾಟಿನ್ ಮೊದಲಾದವು ಸೇರಿದ ಇಂಡೋ-ಯುರೋಪಿಯನ್ ಕುಟುಂಬದ ಮೂಲಭಾಷೆಯಲ್ಲಿ ಹೀಗಿತ್ತೆಂದು ಪಂಡಿತರು ಮರುಕಟ್ಟಿದ ರೂಪವಿದು. ಲ್ಯಾಟಿನ್‌ನ ‘ನೇರೆ’, ಗ್ರೀಕ್‌ನ ‘ನೇಮ’, ಇಂಗ್ಲಿಷಿನ ‘ನೀಡಲ್’ ಈ ಬೇರಿನವು. ಐರಿಷ್‌ನಲ್ಲಿ ನೂಲುವುದಕ್ಕೆ ಇಂದಿಗೂ ಬಳಸುವ ‘ಶ್ನೀವ್’ ಕೂಡ ಇದರದೇ ಮಗು. ‘ಸೂತ್ರ’ದ ಬೇರಾದರೋ ಹೊಲಿಯುವುದಕ್ಕೆ ಸಂಬಂಧಿಸಿದ್ದು, ಇಂಗ್ಲಿಷಿನ ‘ಸ್ಯೂ’ ಆ ಕಡೆಯದು. ನೂಲುವುದು ಒಂದು ಕೆಲಸ, ಹೊಲಿಯುವುದು ಇನ್ನೊಂದು. ಸಾವಿರಾರು ವರ್ಷಗಳ ಹಿಂದೆಯೇ ಅವಕ್ಕೆ ಬೇರೆ ಬೇರೆ ಪದಗಳಿದ್ದವು.

‘ಸ್ನೇಹ’ದ ಕಥೆ ಇನ್ನೂ ಸ್ವಾರಸ್ಯದ್ದು. ಸಂಸ್ಕೃತದಲ್ಲಿ ಅದರ ಮೊದಲ ಅರ್ಥ ಜಿಡ್ಡು, ಎಣ್ಣೆ. ಆಯುರ್ವೇದದ ‘ಸ್ನೇಹನ’ದಲ್ಲಿ ಆ ಅರ್ಥ ಇಂದಿಗೂ ಉಳಿದಿದೆ. ಅಂಟಿಕೊಳ್ಳುವ ಗುಣದಿಂದ ಮಮತೆಯ ಅರ್ಥ ಬೆಳೆಯಿತು. ಅದರ ‘ಸ್ನಿಹ್’ ಧಾತು ಯುರೋಪಿನಲ್ಲಿ ಹಿಮವನ್ನು ಸೂಚಿಸುವ ಪದಗಳ ಬೇರಿಗೇ ಸೇರಿದ್ದೆಂದು ಬಹುಮಂದಿ ಪಂಡಿತರ ಅಭಿಪ್ರಾಯ, ಜಿಡ್ಡಿಗೂ ಹಿಮಕ್ಕೂ ಇರುವ ಅರ್ಥದ ದೂರ ನೋಡಿ ಸಂದೇಹಪಡುವವರೂ ಇದ್ದಾರೆ. ಆ ಅಭಿಪ್ರಾಯ ಸರಿಯಾದರೆ ನಿಮ್ಮ ಭಾವ ಕೇಳಿದ ‘ಸ್ನೇಹ’ಕ್ಕೆ ಐರಿಷ್‌ನಲ್ಲಿ ಬಂಧುವಾಗುವುದು ದಾರವಲ್ಲ, ಹಿಮಕ್ಕೆ ಅವರು ಹೇಳುವ ‘ಶ್ನ್ಯಖ್ತ’. ಕಿವಿಗೆ ಒಂದೇ ಎನಿಸಿದ್ದು ಸಂಬಂಧವಿಲ್ಲದ್ದು, ಕಿವಿಗೆ ದೂರವೆನಿಸಿದ್ದು ಬಂಧು: ಈ ವಿದ್ಯೆಯಲ್ಲಿ ಪದೇ ಪದೇ ಎದುರಾಗುವ ಅನುಭವವಿದು. ಅದೇ ರೀತಿ ‘ನೂಲು’ ಪದದಲ್ಲೂ ‘ನ’ಕಾರವಿದೆಯೆಂದು ಯಾರಾದರೂ ಅದನ್ನು ಇಲ್ಲಿಗೆ ಎಳೆತಂದರೆ ಒಪ್ಪಬೇಡಿ. ಅದು ಅಪ್ಪಟ ದ್ರಾವಿಡ ಪದ. ತಮಿಳಿನಲ್ಲಿ ‘ನೂಲ್’ ಎಂದರೆ ದಾರವೂ ಹೌದು, ಗ್ರಂಥವೂ ಹೌದು.

ಹಾಗಾದರೆ ‘ಸ್ನಾಯು’? ಇಲ್ಲಿ ನಿಂತು ನೋಡಬೇಕು. ಇಂದಿನ ಶಾಲಾ ಪುಸ್ತಕದ ಕನ್ನಡದಲ್ಲಿ ಸ್ನಾಯು ಎಂದರೆ ಮಾಂಸಖಂಡ. ಸಂಸ್ಕೃತದ ಹಳೆಯ ಬಳಕೆಯಲ್ಲಿ ಅದು ಮೂಳೆಗಳನ್ನು ಕಟ್ಟಿಹಿಡಿಯುವ ನರದಂತಹ ಬಿಗಿಯಾದ ತಂತು, ಬಿಲ್ಲಿನ ಹೆದೆಗೂ ಆ ಪದವಿತ್ತು. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ದೇಹದಲ್ಲಿ 900 ಸ್ನಾಯುಗಳಿವೆ ಎಂಬ ಎಣಿಕೆಯಿದೆ. ಅಲ್ಲಿಯೇ ಒಂದು ಅಪೂರ್ವ ಉಪಮೆಯೂ ಇದೆ: ಹಲಗೆಗಳನ್ನು ಜೋಡಿಸಿ ಅನೇಕ ಹಗ್ಗಗಳಿಂದ ಬಿಗಿದ ದೋಣಿ ನೀರಿನಲ್ಲಿ ಭಾರ ಹೊರುವಂತೆ, ಸ್ನಾಯುಗಳಿಂದ ಬಿಗಿದ ಸಂಧಿಗಳ ಬಲದಿಂದ ಮನುಷ್ಯ ಭಾರ ಹೊರುತ್ತಾನೆ. ಹೊಸೆದ ಹಗ್ಗವೆಂಬ ಮೂಲ ಅರ್ಥ ಈ ಉಪಮೆಯಲ್ಲಿ ಎಷ್ಟು ಜೀವಂತವಾಗಿದೆ ನೋಡಿ. ಗ್ರೀಕ್‌ನ ‘ನ್ಯೂರಾನ್’, ಲ್ಯಾಟಿನ್‌ನ ‘ನರ್ವಸ್’ ಇದೇ ಕುಟುಂಬದವು, ಅಂದರೆ ನೀವು ಓದಿದ ‘ನರ್ವ್’ ಮತ್ತು ‘ನ್ಯೂರಾಲಜಿ’ ಕೂಡ ಆ ನೂಲಿನ ಮನೆಯವೇ. ‘ಸ್ನಾಹ್’ ಮತ್ತು ‘ಸ್ನಾಯು’ ಎರಡರಲ್ಲೂ ಇರುವ ದೀರ್ಘ ‘ಆ’ ನೋಡಿ ಇದು ಸುಲಭದ ಸಾಕ್ಷಿ ಎಂದುಕೊಳ್ಳಬೇಡಿ. ಸಂಸ್ಕೃತದಲ್ಲಿ ಹಳೆಯ ‘ಏ’ಕಾರ ‘ಆ’ ಆಯಿತು, ಐರಿಷ್‌ನಲ್ಲಿ ‘ಏ’ಕಾರ ‘ಈ’ ಆಗಿ ‘ಶ್ನೀವ್’ನಲ್ಲಿ ಉಳಿದಿದೆ. ‘ಸ್ನಾಹ್’ನ ‘ಆ’ ಬಂದದ್ದು ಅದೇ ಬೇರಿನ ‘ಓ’ಕಾರದ ರೂಪದಿಂದ. ಎರಡು ಪದಗಳೂ ಬೇರೆ ಬೇರೆ ದಾರಿಗಳಲ್ಲಿ ನಡೆದು ಒಂದೇ ಸ್ವರಕ್ಕೆ ತಲುಪಿವೆ.

ಇಷ್ಟರಿಂದ ‘ಐರಿಷ್ ಸಂಸ್ಕೃತದಿಂದ ಬಂತು’ ಎಂದಾಗುವುದಿಲ್ಲ. ಅಕ್ಕ ತಂಗಿಯರಲ್ಲಿ ಒಬ್ಬಳು ಇನ್ನೊಬ್ಬಳ ತಾಯಿಯಾಗುವುದಿಲ್ಲವಲ್ಲ. 1786ರಲ್ಲಿ ಕಲ್ಕತ್ತೆಯಲ್ಲಿ ನ್ಯಾಯಾಧೀಶರಾಗಿದ್ದ ವಿಲಿಯಂ ಜೋನ್ಸ್ ಈ ಸಂಬಂಧವನ್ನು ಸೂಚಿಸಿದಾಗ, ಐರಿಷ್ ಸೇರಿರುವ ಕೆಲ್ಟಿಕ್ ಭಾಷೆಗಳ ಹೆಸರನ್ನೂ ಹೇಳಿದ್ದರು. ಅದೇ ಕಾಲದಲ್ಲಿ ಐರ್ಲೆಂಡಿನಲ್ಲಿದ್ದ ಸೇನಾ ಎಂಜಿನಿಯರ್ ಚಾರ್ಲ್ಸ್ ವ್ಯಾಲೆನ್ಸಿ, ಸದ್ದುಗಳ ಹೋಲಿಕೆಯನ್ನೇ ನಂಬಿ ಐರಿಷ್ ಭಾಷೆಯನ್ನು ಪ್ರಾಚೀನ ಕಡಲ ವ್ಯಾಪಾರಿಗಳಾದ ಫಿನೀಷಿಯನ್ನರು ಮೊದಲಾಗಿ ಪೂರ್ವದ ಹಲವು ಜನರಿಗೆ ಗಂಟುಹಾಕಿದರು, ಅವರ ಬರಹಗಳನ್ನು ಇಂದು ಯಾವ ಭಾಷಾವಿಜ್ಞಾನಿಯೂ ಪ್ರಮಾಣವೆಂದು ಹಿಡಿಯುವುದಿಲ್ಲ. ನಿಮ್ಮ ಗೆಳತಿ ಓದಿದ ‘ಸೂತ್ರ’ದ ಕಥೆ ಆ ಜಾತಿಯದು. ಕೆಲ್ಟಿಕ್ ಭಾಷೆಗಳು ಈ ಕುಟುಂಬದವೆಂದು ನಿಯಮಗಳೊಡನೆ ತೋರಿಸಿದ್ದು 19ನೆಯ ಶತಮಾನದ ಕೆಲಸ, 1853ರಲ್ಲಿ ಬಂದ ಜರ್ಮನಿಯ ಝಾಯ್ಸ್ ಅವರ ವ್ಯಾಕರಣ ಅದರ ಅಡಿಪಾಯ. ಆ ವಿದ್ಯೆಯನ್ನು ಬೆಳೆಸಿದವರಲ್ಲಿ ಡಬ್ಲಿನ್ನಿನ ವಿಟ್ಲಿ ಸ್ಟೋಕ್ಸ್ ಒಬ್ಬರು. ಅವರು 1862ರಲ್ಲಿ ಭಾರತಕ್ಕೆ ಬಂದು, ಕಾನೂನು ಸಂಹಿತೆಗಳ ಕರಡು ಸಿದ್ಧಪಡಿಸುತ್ತಲೇ ಹಳೆಯ ಐರಿಷ್ ಹಸ್ತಪ್ರತಿಗಳನ್ನು ಸಂಪಾದಿಸಿದವರು. ಇನ್ನು ಕನ್ನಡ, ತಮಿಳು, ತೆಲುಗುಗಳು ಪ್ರತ್ಯೇಕ ಕುಟುಂಬವೆಂದು 1856ರ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ಸಾಧಿಸಿದ ರಾಬರ್ಟ್ ಕಾಲ್ಡ್‌ವೆಲ್ ಹುಟ್ಟಿದ್ದೂ ಐರ್ಲೆಂಡಿನ ಆಂಟ್ರಿಮ್ ಸೀಮೆಯಲ್ಲಿ. ‘ನೂಲು’ ಯಾಕೆ ಈ ಕುಟುಂಬಕ್ಕೆ ಸೇರುವುದಿಲ್ಲ ಎಂದು ಹೇಳಲು ನನಗೆ ದಾರಿ ತೋರಿಸಿದವರಲ್ಲಿ ಅವರೂ ಒಬ್ಬರು ಎಂಬುದನ್ನು ನೆನೆದು ಬರೆಯುತ್ತಿದ್ದೇನೆ.

ನರ್ಸ್ ಆಗಿರುವ ನಿಮಗೆ ಪದದ ಇನ್ನೊಂದು ಬಳಕೆಯನ್ನೂ ತಿಳಿಸಬೇಕು, ಏಕೆಂದರೆ ಅಂಗಡಿಗೆ ಬರುವ ಹಿರಿಯರು ಯಾರಾದರೂ ಅದನ್ನು ಎತ್ತಬಹುದು. ಐರ್ಲೆಂಡಿನ ಹಳ್ಳಿಗಳಲ್ಲಿ ಕಾಲೋ ಕೈಯೋ ಉಳುಕಿದಾಗ ಮಂತ್ರ ಹೇಳಿ ಕಟ್ಟುವ ದಾರವೊಂದಿತ್ತು, ಅದು ‘ಉಳುಕಿನ ಸ್ನಾಹ’. 1937ರಿಂದ 1939ರವರೆಗೆ ಪ್ರಾಥಮಿಕ ಶಾಲೆಯ ಮಕ್ಕಳಿಂದ ಮನೆಯ ಹಿರಿಯರ ನೆನಪುಗಳನ್ನು ಬರೆಸಿ ಸಂಗ್ರಹಿಸಿದ ಐರಿಷ್ ಜಾನಪದ ಯೋಜನೆಯಲ್ಲಿ ಇಂಥ ಚಿಕಿತ್ಸೆಗಳ ವಿವರಗಳು ದೊರೆಯುತ್ತವೆ. ನಮ್ಮ ಹಳ್ಳಿಗಳಲ್ಲೂ ಮಂತ್ರಿಸಿದ ದಾರ ಕಟ್ಟುವುದಿದೆ, ಉಳುಕು ತೆಗೆಯುವವರಿದ್ದಾರೆ. ಎರಡನ್ನೂ ಪಕ್ಕದಲ್ಲಿಟ್ಟರೆ ರೋಮಾಂಚನವಾಗುವುದು ನಿಜ, ಆದರೆ ಇದನ್ನು ಸಮಾನ ಮೂಲದ ಸಾಕ್ಷಿಯೆಂದು ಯಾರಿಗೂ ಹೇಳಬೇಡಿ. ನೋವಾದಲ್ಲಿ ಕಟ್ಟುವುದು ಮನುಷ್ಯರಿಗೆ ಎಲ್ಲೆಡೆಯೂ ತೋಚಬಹುದಾದ ಕೆಲಸ. ಅದೇ ರೀತಿ, ಈ ಪದಕ್ಕೆ ‘ಆತ್ಮಗಳನ್ನು ಬೆಸೆಯುವ ಡ್ರುಯಿಡ್ ಪುರೋಹಿತರ ಪವಿತ್ರ ದಾರ’ ಎಂಬ ಅರ್ಥ ಹಚ್ಚುವ ಮಾತುಗಳು ಕಿವಿಗೆ ಬಿದ್ದರೆ ಅವನ್ನು ಅಂಗಡಿಯ ಕರಪತ್ರಕ್ಕೆ ಸೇರಿಸಬೇಡಿ. ನಿಯಾಲ್ ಓ ಡೋನಲ್ ಸಂಪಾದಿಸಿದ 1977ರ ಐರಿಷ್ ನಿಘಂಟಿನಲ್ಲಿ ಅಂಥದ್ದೇನೂ ಇಲ್ಲ. ಪದಕ್ಕೆ ತನ್ನದೇ ಆದ ಘನತೆ ಇರುವಾಗ ಎರವಲು ಪ್ರಭಾವಳಿ ಬೇಡ.

ಈಗ ನಿಮ್ಮ ಮುಂದಿರುವ ಆಯ್ಕೆಗಳು. ‘ಸ್ನಾಹ’ ಎಂಬ ಒಂಟಿ ಪದ ನನ್ನ ಮೊದಲ ಸಲಹೆ. ಅದು ಎಳೆ, ಅದರಲ್ಲಿ ಕಥೆಯೂ ಇದೆ, ಬಟ್ಟೆಯೂ ಇದೆ. ಅದರ ಅಪಾಯ ಎಂದರೆ ಫಾದ. ಬೋರ್ಡು ಬರೆಯುವವರು, ರಸೀದಿ ಮುದ್ರಿಸುವ ಯಂತ್ರಗಳು, ಇಮೇಲ್ ವಿಳಾಸಗಳು ಆ ಗೆರೆಯನ್ನು ನುಂಗುತ್ತವೆ. ಐರಿಷ್‌ನಲ್ಲಿ ಗೆರೆ ಬಿಟ್ಟರೆ ‘ಹುಲ್ಲು’ ಎಂಬ ಪದ ‘ಗಂಡಸು’ ಆಗಿಬಿಡುತ್ತದೆ. ನಿಮ್ಮ ಪದದ ಅದೃಷ್ಟಕ್ಕೆ ಗೆರೆ ಹೋದರೆ ಬೇರೆ ಕೆಟ್ಟ ಅರ್ಥವೇನೂ ಹುಟ್ಟುವುದಿಲ್ಲ, ಆದರೆ ಐರಿಷ್ ಬಲ್ಲವರ ಕಣ್ಣಿಗೆ ‘ಇಳಕಲ್ ಸಿರೆ’ ಎಂಬ ಬೋರ್ಡು ನಮಗೆ ಕಂಡಂತೆ ಕಾಣುತ್ತದೆ. ಇಮೇಲ್‌ನಲ್ಲಿ ಅನಿವಾರ್ಯವಾಗಿ ಬಿಟ್ಟರೂ ಬೋರ್ಡಿನಲ್ಲಿ ಬಿಡಬೇಡಿ.

‘ಸ್ನಾಹ್’ ಎಂಬ ಚಿಕ್ಕ ರೂಪ ನೂಲು ಮಾರುವ ಅಂಗಡಿಗೆ ಒಪ್ಪುತ್ತದೆ. ನೀವು ನೇಯ್ದ ಬಟ್ಟೆ ಮಾರುವವರು, ಗಿರಾಕಿ ಉಣ್ಣೆಯ ಉಂಡೆ ಕೇಳಿಕೊಂಡು ಬರಬಹುದು. ಹೆಣಿಗೆ ಅಲ್ಲಿ ಮನೆಮನೆಯ ಕಲೆ ಎಂಬುದನ್ನು ನನಗಿಂತ ನೀವೇ ಬಲ್ಲಿರಿ. ‘ಸ್ನಾಹೀನ್’ ಕೇಳಲು ಮುದ್ದಾಗಿದ್ದರೂ ಫೈಬರ್ ಎಂಬ ತಾಂತ್ರಿಕ ಅರ್ಥ ಅದಕ್ಕೆ ಅಂಟಿಕೊಂಡಿದೆ.

ಎರಡು ಮೂರು ಪದ ಸೇರಿಸಿ ‘ಎಳೆಯ ಮನೆ’ ಎಂಬಂತೆ ಕಟ್ಟುವ ಆಸೆ ನಿಮ್ಮ ಪತ್ರದ ಕೊನೆಯಲ್ಲಿ ಕಂಡಿತು. ಅಲ್ಲಿ ಹೆಚ್ಚಿನ ಎಚ್ಚರ ಬೇಕು. ಕನ್ನಡದಲ್ಲಿ ವಿಭಕ್ತಿ ಪದದ ಬಾಲಕ್ಕೆ ಹತ್ತುತ್ತದೆ, ಐರಿಷ್‌ನಲ್ಲಿ ಬದಲಾವಣೆ ಪದದ ತಲೆಯಲ್ಲೂ ಆಗುತ್ತದೆ. ‘ಆ ಎಳೆ’ ಎನ್ನುವಾಗ ‘ಅನ್ ಸ್ನಾಹ’ ಸರಿ, ‘ಆ ಎಳೆಯ’ ಎನ್ನುವಾಗ ಮುಂದೆ ಒಂದು ‘ಟಿ’ ಸೇರಿ ‘ಎಸ್’ ಮೌನವಾಗುತ್ತದೆ, ಹೇಳುವುದು ‘ಅನ್ ತ್ನಾಹ’ ಎಂದು. ‘ನನ್ನ ಎಳೆ’ ಎಂದರೆ ‘ಎಸ್’ ಪಕ್ಕದಲ್ಲಿ ‘ಎಚ್’ ಬಂದು ‘ಮೊ ಹ್ನಾಹ’ ಆಗುತ್ತದೆ. ಬೋರ್ಡಿನಲ್ಲಿ ಆ ‘ಟಿ’ ಸಣ್ಣಕ್ಷರವಾಗಿ, ಅದರ ಮುಂದಿನ ‘ಎಸ್’ ದೊಡ್ಡಕ್ಷರವಾಗಿ ಇರಬೇಕು. ಹಿಂದೆ ನನ್ನ ವಿದ್ಯಾರ್ಥಿಯೊಬ್ಬರು ಇಂಥದೇ ಹೆಸರನ್ನು ಅಚ್ಚಿಗೆ ಕೊಟ್ಟಾಗ, ಅಚ್ಚು ಹಾಕುವವರು ಅದನ್ನು ಕೈತಪ್ಪೆಂದು ತಿಳಿದು ‘ತಿದ್ದಿ’, ಐನೂರು ಚೀಟಿಗಳು ಕಸಕ್ಕೆ ಹೋದವು. ಹಾಗೆ ಕಟ್ಟಲೇಬೇಕೆಂದಿದ್ದರೆ ಗಾಲ್ವೇಗೆ ಪಶ್ಚಿಮದಲ್ಲಿರುವ ಸ್ಪಿಡಲ್ ಅಥವಾ ಕಾನ್ನಮಾರದ ಯಾವುದಾದರೂ ಊರಿಗೆ ಹೋಗಿ, ಐರಿಷ್ ಮನೆಮಾತಾಗಿರುವ ಇಬ್ಬರಿಗೆ ಬರೆದು ತೋರಿಸಿ, ಅವರ ಬಾಯಲ್ಲಿ ಹೇಳಿಸಿ ಕೇಳಿ. ಆ ಭಾಷೆ ದೇಶದ ಸಂವಿಧಾನದಲ್ಲಿ ಮೊದಲ ಅಧಿಕೃತ ಭಾಷೆಯಾಗಿದ್ದರೂ ದಿನನಿತ್ಯ ಮಾತಾಡುವವರು ಅಲ್ಪಸಂಖ್ಯಾತರು. ತಮ್ಮ ಪದವೊಂದನ್ನು ಸರಿಯಾಗಿ ಕೇಳಿ ತಿಳಿಯಲು ಬಂದವರನ್ನು ಅವರು ಸಂತೋಷದಿಂದ ಬರಮಾಡಿಕೊಂಡದ್ದನ್ನೇ ನಾನು ಕಂಡಿದ್ದೇನೆ.

ಕಾನೂನಿನ ಮಾತು ನನ್ನ ಕ್ಷೇತ್ರವಲ್ಲವಾದ್ದರಿಂದ ಒಂದೇ ಸಾಲು: ಸ್ವಂತ ಹೆಸರಲ್ಲದ ಹೆಸರಿನಲ್ಲಿ ವ್ಯಾಪಾರ ಮಾಡುವವರು ಅಲ್ಲಿ ಅದನ್ನು ನೋಂದಾಯಿಸಬೇಕು, ಹಾಗೆಯೇ ಇದು ಸಾಮಾನ್ಯ ಪದವಾದ್ದರಿಂದ ಬೇರೆ ಕರಕುಶಲ ಅಂಗಡಿಯವರು ಈಗಾಗಲೇ ಇಟ್ಟುಕೊಂಡಿರುವ ಸಾಧ್ಯತೆಯಿದೆ, ಹಣ ಖರ್ಚು ಮಾಡುವ ಮೊದಲು ಕಂಪನಿ ನೋಂದಣಿ ಕಚೇರಿ ಮತ್ತು ಟ್ರೇಡ್‌ಮಾರ್ಕ್ ಪಟ್ಟಿಗಳಲ್ಲಿ ಹುಡುಕಿಸಿ.

ಕರಪತ್ರದಲ್ಲಿ ಏನು ಬರೆಯಬೇಕೆಂದು ಕೇಳಿದ್ದೀರಿ. ‘ಸ್ನಾಯು’ವಿನ ನಂಟನ್ನು ಬರೆಯಬಹುದು, ಅದು ಗಟ್ಟಿ. ಇನ್ನೂ ಒಂದನ್ನು ಕೊಡುತ್ತೇನೆ: ಮಗ್ಗದ ಉದ್ದದ ಎಳೆಗಳಾದ ಹಾಸು ಐರಿಷ್‌ನಲ್ಲಿ ‘ದ್ಲೂಹ್’, ಅಡ್ಡದ ಎಳೆಗಳಾದ ಹೊಕ್ಕು ‘ಇನ್ನಖ್’. ಒಂದು ಸಂಗತಿ ಬದುಕಿನೊಳಗೆ ಬಿಡಿಸಲಾಗದಂತೆ ಬೆರೆತಿದೆ ಎನ್ನಲು ನಾವು ‘ಹಾಸುಹೊಕ್ಕಾಗಿದೆ’ ಎನ್ನುವಂತೆಯೇ ಅವರೂ ಈ ಎರಡು ಪದಗಳನ್ನು ಜೋಡಿಸಿ ಹೇಳುತ್ತಾರೆ. ಇದರಲ್ಲಿ ಪದಗಳ ಸಂಬಂಧವೇನೂ ಇಲ್ಲ. ಮಗ್ಗದ ಮುಂದೆ ಕೂತವರಿಗೆ ಎರಡೂ ಕಡೆ ಹೊಳೆದ ಮಾತದು. ಇಳಕಲ್ ಸೀರೆಯ ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವ ನಿಮ್ಮ ಅಕ್ಕನ ಕೆಲಸವನ್ನು ಗಾಲ್ವೇಯ ಗಿರಾಕಿಗೆ ವಿವರಿಸುವಾಗ, ಆ ಒಂದೊಂದು ಕೊಂಡಿಯಲ್ಲಿರುವುದೂ ಒಂದೊಂದು ‘ಸ್ನಾಹ’ ಎಂದು ತೋರಿಸಿ ಹೇಳಿದರೆ ಪದ ಅವರಿಗೂ ಹೊಸದಾಗಿ ಕೇಳಿಸೀತು.

ಕೊನೆಯದಾಗಿ, ಊರಿನಿಂದ ಬರುವ ಪೆಟ್ಟಿಗೆಗಳ ಮೇಲೆ ಹೆಸರನ್ನು ಕನ್ನಡದಲ್ಲೂ ಅಚ್ಚು ಹಾಕಿಸುವುದಾಗಿ ಬರೆದಿದ್ದೀರಿ. ರೋಮನ್ ಅಕ್ಷರ ನೋಡಿ ಬರೆದರೆ ಭಾವ ‘ಸ್ನೈತೆ’ ಎಂದು ಅಚ್ಚು ಮಾಡಿಸಿಬಿಡುತ್ತಾರೆ, ‘ಸ್ನೇಹ’ ಎಂದು ಬರೆಸುವ ಆಸೆಯೂ ಅವರಿಗಿದ್ದೀತು. ನೀವೇ ಫೋನಿನಲ್ಲಿ ಹೇಳಿ: ಸಕಾರಕ್ಕೆ ನಕಾರದ ಒತ್ತು, ದೀರ್ಘ, ಆಮೇಲೆ ಹಕಾರ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಎಳೆ’ ಎಂದು ಹಾಕಿಸಿದರೆ ಇಳಕಲ್ಲಿನಲ್ಲಿ ಪೆಟ್ಟಿಗೆ ಕಟ್ಟುವ ಹುಡುಗನಿಗೂ ಅದು ಏನೆಂದು ತಿಳಿಯುತ್ತದೆ.